ನರಕೋಶದ ಮೇಲಿನ ತೀರ್ಪು

1906ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಇಬ್ಬರು ವಿಜ್ಞಾನಿಗಳು ಒಂದೇ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಒಬ್ಬರು ಇಟಲಿಯ ಕಮಿಲ್ಲೊ ಗಾಲ್ಗಿ, ಇನ್ನೊಬ್ಬರು ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್. ಪ್ರಶಸ್ತಿ ಒಂದೇ ಆದರೂ ಅಭಿಪ್ರಾಯ ಒಂದಾಗಿರಲಿಲ್ಲ. ಗಾಲ್ಗಿ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಕಹಾಲರು ಪ್ರತಿಪಾದಿಸುತ್ತಿದ್ದ ಸಿದ್ಧಾಂತವನ್ನು ಅಲ್ಲಗಳೆದರು.

ವಿವಾದ ಇದ್ದದ್ದು ಇಷ್ಟೆ: ಮಿದುಳಿನ ನರಗಳು ಮೀನಿನ ಬಲೆಯಂತೆ ಒಂದಕ್ಕೊಂದು ಬೆಸೆದುಕೊಂಡಿವೆಯೆ, ಇಲ್ಲ ಪ್ರತಿಯೊಂದು ನರಕೋಶವೂ ಬೇರೆ ಬೇರೆಯೆ? ಬಲೆ ಎಂದರು ಗಾಲ್ಗಿ. ಆದರೆ ಕೆಲವೇ ನರಕೋಶಗಳು ಕಪ್ಪಾಗಿ ಎದ್ದು ಕಾಣುವಂತೆ ಮಾಡುವ ವಿಧಾನವನ್ನು 1873ರಲ್ಲಿ ಕಂಡುಹಿಡಿದವರೂ ಅವರೇ. 1888ರಲ್ಲಿ ಬಾರ್ಸಿಲೋನಾದಲ್ಲಿದ್ದ ಕಹಾಲ್ ಅದೇ ವಿಧಾನ ಬಳಸಿ ಹಕ್ಕಿಗಳ ಕಿರುಮಿದುಳನ್ನು ಪರೀಕ್ಷಿಸಿದರು. ಒಂದು ಕೋಶದ ತಂತು ಇನ್ನೊಂದರ ಬಳಿ ಬಂದು ನಿಲ್ಲುತ್ತದೆ, ಅದರೊಳಗೆ ಬೆರೆಯುವುದಿಲ್ಲ ಎಂಬುದು ಅವರಿಗೆ ಮನವರಿಕೆಯಾಯಿತು.

ಹಾಗಾದರೆ ಸಂದೇಶ ದಾಟುವುದು ಹೇಗೆ? 1921ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಒಟ್ಟೊ ಲೋವಿ ಕಪ್ಪೆಯ ಹೃದಯವೊಂದರ ನರವನ್ನು ಪ್ರಚೋದಿಸಿ ಅದರ ಬಡಿತವನ್ನು ನಿಧಾನಗೊಳಿಸಿದರು. ಅದರ ಸುತ್ತಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದಾಗ ಅದೂ ನಿಧಾನವಾಯಿತು! ನರ ರಾಸಾಯನಿಕದ ಮೂಲಕ ಮಾತಾಡಿತ್ತು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕೋಶಗಳ ನಡುವಿನ ಸಂದು ಕಣ್ಣಿಗೆ ಬಿತ್ತು. ಅದರ ಅಗಲ ಸುಮಾರು 20 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ 50,000ದಲ್ಲಿ ಒಂದು ಪಾಲು. ಅಷ್ಟರಲ್ಲಿ ಗಾಲ್ಗಿಯೂ ಕಹಾಲರೂ ತೀರಿಕೊಂಡಿದ್ದರು.

ಕೋಶ ಪ್ರತ್ಯೇಕ ಎಂದಾದರೆ, ತುಂಡಾದ ತಂತು ಮತ್ತೆ ಬೆಳೆಯಬೇಕಾದದ್ದೂ ಆ ಕೋಶದಿಂದಲೇ. ಕೈಕಾಲುಗಳ ನರ ಕತ್ತರಿಸಿದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯಬಲ್ಲದು. ಮಿದುಳು, ಬೆನ್ನುಹುರಿಗಳಲ್ಲಿ ಹಾಗಾಗುವುದಿಲ್ಲ. 1913-14ರಲ್ಲಿ ಪ್ರಕಟವಾದ ತಮ್ಮ ಬೃಹತ್ ಗ್ರಂಥದಲ್ಲಿ ಕಹಾಲ್, ಬೆಳೆದವರ ಮಿದುಳಿನಲ್ಲಿ ನರಮಾರ್ಗಗಳು ಮತ್ತೆ ಹುಟ್ಟುವುದಿಲ್ಲ ಎಂಬ ನಿರ್ಣಯಕ್ಕೆ ಬಂದರು. ಮುಂದಿನ ವಿಜ್ಞಾನ ಈ ಕಠೋರ ತೀರ್ಪನ್ನು ಬದಲಿಸೀತು ಎಂಬ ಆಶಯವನ್ನೂ ಜೊತೆಗೇ ಬರೆದರು. ಜಗತ್ತು ತೀರ್ಪನ್ನು ನೆನಪಿಟ್ಟುಕೊಂಡಿತು, ಆಶಯವನ್ನು ಮರೆಯಿತು.

ತೀರ್ಪಿನಲ್ಲಿ ಬಿರುಕು ಮೊದಲೇ ಇತ್ತು. 1911ರಲ್ಲಿ ಕಹಾಲರ ಶಿಷ್ಯ ಫ್ರಾನ್ಸಿಸ್ಕೊ ಟೆಲ್ಲೊ ಮೊಲದ ಮಿದುಳಿಗೆ ಕಾಲಿನ ನರದ ತುಣುಕನ್ನು ಕಸಿ ಮಾಡಿದಾಗ ಮಿದುಳಿನ ತಂತುಗಳು ಅದರೊಳಕ್ಕೆ ಬೆಳೆದಿದ್ದವು. ಎಪ್ಪತ್ತು ವರ್ಷಗಳ ನಂತರ, 1981ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟೊ ಅಗುವಾಯೊ ಇಲಿಗಳಲ್ಲಿ ಕಾಲಿನ ನರವನ್ನೇ ಸೇತುವೆಯಾಗಿಸಿದರು. ಬೆನ್ನುಹುರಿಯ ತಂತುಗಳು ಅದರೊಳಗೆ ಸುಮಾರು ಮೂರು ಸೆಂಟಿಮೀಟರ್ ಬೆಳೆದವು. ಕೋಶಕ್ಕೆ ಬೆಳೆಯುವ ಶಕ್ತಿ ಇದ್ದೇ ಇತ್ತು, ಸುತ್ತಲಿನ ಪರಿಸರ ಅದನ್ನು ತಡೆಯುತ್ತಿತ್ತು.

ಬೆನ್ನುಹುರಿ ತುಂಡಾಗಿ ಹಾಸಿಗೆ ಹಿಡಿದವರನ್ನು ಮೊದಲಿನಂತಾಗಿಸುವ ಚಿಕಿತ್ಸೆ ಇಂದಿಗೂ ಇಲ್ಲ. ಸುಳ್ಳು ಭರವಸೆ ಮಾರುವವರ ಬಗ್ಗೆ ಎಚ್ಚರ ಬೇಕು. ಆದರೆ ‘ಸಾಧ್ಯವೇ ಇಲ್ಲ’ ಎಂಬ ಮಾತು ಈಗ ಉಳಿದಿಲ್ಲ. ಬೆಳೆಯದ್ದನ್ನು ಕಂಡು ಅಸಮರ್ಥವೆಂದು ತೀರ್ಪು ಕೊಡುವ ಮೊದಲು, ಅದಕ್ಕೆ ಸಿಕ್ಕ ನೆಲ ಎಂಥದ್ದೆಂದು ನೋಡಬೇಕು. ಇದು ನರಕೋಶಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ.