ದಾವಣಗೆರೆ ಸೀಮೆಯ ನಿತ್ಯಾಹಾರ

ಒಂದು ಸೀಮೆಯ ನಿತ್ಯದ ಊಟವು ಅದರ ನೆಲ-ನೀರುಗಳ ಚರಿತ್ರೆಯೂ ಹೌದು. ದಾವಣಗೆರೆ-ಹರಿಹರಗಳ ಬಯಲು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ್ದ ಕಾಲದಲ್ಲಿ ಜೋಳ, ರಾಗಿ, ನವಣೆ, ಸಾಮೆಗಳೇ ಇಲ್ಲಿನ ಆಧಾರ. ರೊಟ್ಟಿ, ಮುದ್ದೆ, ನವಣೆಯನ್ನ, ಕಾಳುಪಲ್ಯ, ಮಜ್ಜಿಗೆ ಇವು ದುಡಿಯುವವರ ಊಟ. ನೆಲ್ಲಕ್ಕಿಯ ಅನ್ನ ಹಲವು ಮನೆಗಳಲ್ಲಿ ಹಬ್ಬದ ವಿಶೇಷ.

ಲಕ್ಕವಳ್ಳಿಯಲ್ಲಿ 1947ರಲ್ಲಿ ಆರಂಭವಾದ ಭದ್ರಾ ಅಣೆಕಟ್ಟಿನ ಕೆಲಸ 1965ರಲ್ಲಿ ಪೂರ್ಣಗೊಂಡಿತು. ಕಾಲುವೆಯ ನೀರು ಹರಿದಲ್ಲೆಲ್ಲ ಬತ್ತದ ಗದ್ದೆಗಳು ಹರಡಿದವು. ಹಬ್ಬದ ಅನ್ನ ನಿತ್ಯದ ಅನ್ನವಾಯಿತು. ಬರದ ಭಯವನ್ನು ತಗ್ಗಿಸಿದ ಈ ಉಪಕಾರ ಸಣ್ಣದಲ್ಲ. ಆದರೆ ಗಿರಣಿಯಲ್ಲಿ ಬೆಳ್ಳಗಾದ ಅಕ್ಕಿಯು ತವುಡಿನೊಡನೆ ನಾರನ್ನೂ ಬಿ ಜೀವಸತ್ವಗಳ ಬಹುಭಾಗವನ್ನೂ ಕಳೆದುಕೊಳ್ಳುತ್ತದೆ. ತಟ್ಟೆಯಿಂದ ಮರೆಯಾದ ನವಣೆ-ಸಾಮೆಗಳು ಆ ನಾರಿನ ಆಗರಗಳಾಗಿದ್ದವು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಲೋಕವು ಹೊಸದೆಂಬಂತೆ ಕಂಡದ್ದು ಈ ಸೀಮೆಯ ಅಜ್ಜಿಯರ ಅಡುಗೆಯನ್ನೇ.

12ನೆಯ ಶತಮಾನದ ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದಳೆಂಬ ಕಥನ ಪ್ರಸಿದ್ಧ. ಅಲ್ಲಿ ತಿರಸ್ಕಾರವಿದ್ದುದು ಅಕ್ಕಿಯ ಬಗೆಗಲ್ಲ, ಮಿತಿಮೀರಿದ ಆಸೆಯ ಬಗೆಗೆ. ಅನ್ನದ ಪಕ್ಕದಲ್ಲಿ ರೊಟ್ಟಿ-ಮುದ್ದೆಗಳಿಗೂ ಎಡೆಯಿರುವ ಊಟದಲ್ಲಿ ಆ ಹಿತಮಿತದ ವಿವೇಕ ಇಂದಿಗೂ ಸಾಧ್ಯ.