ತಾಮ್ರದ ಬಳೆ, ಗರುಡ ಮುದ್ರೆ

1787ರಲ್ಲಿ ಠಾಣೆಯ ಕೋಟೆಯಲ್ಲಿ ಹೊಸ ಕೆಲಸಕ್ಕೆಂದು ನೆಲ ಅಗೆಯುವಾಗ ತಾಮ್ರಪಟಗಳು ಸಿಕ್ಕವು. ಶಿಲಾಹಾರ ಅರಿಕೇಸರಿ ಶಕ 939ರಲ್ಲಿ, ಅಂದರೆ ಕ್ರಿ.ಶ. 1017ರಲ್ಲಿ, ಬರೆಸಿದ ದಾನಪತ್ರ ಅದು. ರಾಮಲೋಚನ ಪಂಡಿತರು ಅರ್ಥ ಬಿಡಿಸಿಕೊಟ್ಟ ಇಂಗ್ಲಿಷ್ ಅನುವಾದ ‘ಏಷಿಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲೇ ಅಚ್ಚಾಯಿತು. ಈ ಶಿಲಾಹಾರರ ಹಿರೀಕರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಠಾಣೆಗೆ ಸಮೀಪದ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ.

ದಾನ ಆಚಂದ್ರಾರ್ಕವಾಗಿ ನಡೆಯಬೇಕು ಎಂಬುದು ದೊರೆಯ ಆಸೆ. ಅದಕ್ಕೆ ಪಟಗಳಿಗೆ ತೂತು ಕೊರೆದು, ಬಳೆ ಪೋಣಿಸಿ, ಬೆಸುಗೆಯ ಮೇಲೆ ರಾಜಮುದ್ರೆ ಕೂರಿಸುತ್ತಿದ್ದರು. ಶಿಲಾಹಾರರದು ಗರುಡ ಮುದ್ರೆ. ಬಳೆ ಕತ್ತರಿಸದೆ ನಡುವೆ ಒಂದು ಪಟ ಸೇರಿಸಲಾಗದು. ಜೊತೆಗೆ ಶಾಪ: ಕೊಟ್ಟ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುತ್ತಾನೆ. ಕನ್ನಡ ಶಾಸನಗಳು ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪವನ್ನೂ ಹೊರಿಸಿದವು. ಕೊಂಕಣದ ಕತ್ತೆಗಲ್ಲುಗಳಲ್ಲಿ ಕೆತ್ತಿದ ಬೈಗುಳವಂತೂ ಸಭ್ಯರ ಮುಂದೆ ಓದುವಂಥದ್ದಲ್ಲ.

ಇಷ್ಟಾದರೂ ಕಳ್ಳ ಶಾಸನಗಳು ಹುಟ್ಟಿದವು. ಬಳೆ ಕಾಯುವುದು ಒಂದು ಕಟ್ಟನ್ನು ಮಾತ್ರ; ಇಡೀ ಕಟ್ಟನ್ನೇ ಹೊಸದಾಗಿ ಮಾಡಿಸಿದವನನ್ನು ಅದು ಹಿಡಿಯಲಾರದು. ಗಂಗರ ಎಷ್ಟೋ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ನಕಲಿ ಎಂದರು. ಮಡಿಕೇರಿಯ ತಾಮ್ರಪಟ 388ನೆಯ ವರ್ಷ ಎನ್ನುತ್ತದೆ, ಲಿಪಿ ಮಾತ್ರ ಶತಮಾನಗಳ ಈಚಿನದು. ಹಳೆಯ ದಾನದ ಮರುಪ್ರತಿ ಇರಬಹುದು ಎಂಬ ವಾದವೂ ಇದೆ. ಹೋಲಿಸಿ ನೋಡಲು ಇನ್ನೊಂದು ಪ್ರತಿ ಇದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

2009ರ ಜನವರಿಯಲ್ಲಿ ಶುರುವಾದ ಬಿಟ್‌ಕಾಯಿನ್ ತುಂಬಿದ್ದು ಈ ಕೊರತೆಯನ್ನೇ. ಅಲ್ಲಿ ಪ್ರತಿ ಬ್ಲಾಕ್ ತನ್ನ ಹಿಂದಿನ ಬ್ಲಾಕಿನ ಹ್ಯಾಶ್ ಹೊತ್ತಿರುತ್ತದೆ. ಹ್ಯಾಶ್ ಎಂದರೆ ಒಳಗಿನ ಬರಹದಿಂದ ಲೆಕ್ಕ ಹಾಕಿ ತೆಗೆದ ಒಂದು ಸಂಖ್ಯೆ. ಒಂದಕ್ಷರ ತಿದ್ದಿದರೂ ಆ ಸಂಖ್ಯೆ ಬದಲಾಗಿ, ಮುಂದಿನ ಕೊಂಡಿಗಳೆಲ್ಲ ತಾಳೆ ತಪ್ಪುತ್ತವೆ. ಅವನ್ನೆಲ್ಲ ಮತ್ತೆ ಕಟ್ಟಬಹುದು, ಆದರೆ ಒಂದೊಂದಕ್ಕೂ ಅಪಾರ ವಿದ್ಯುತ್ ತಿನ್ನುವ ಲೆಕ್ಕ ಮಾಡಬೇಕು, ಅಷ್ಟರಲ್ಲಿ ಉಳಿದವರು ಸರಪಣಿಯನ್ನು ಮುಂದಕ್ಕೆ ಎಳೆದಿರುತ್ತಾರೆ. ಅದೇ ಪ್ರತಿ ಸಾವಿರಾರು ಕಂಪ್ಯೂಟರುಗಳಲ್ಲಿ ಇರುವುದರಿಂದ ಕಳ್ಳ ಕಟ್ಟು ಒಡನೆ ಬಯಲಾಗುತ್ತದೆ. ಶಾಪದ ಜಾಗಕ್ಕೆ ಖರ್ಚು ಬಂದಿದೆ ಅಷ್ಟೆ.

ಹಾಗಂತ ಎಂದೂ ಬದಲಾಗದು ಎನ್ನುವಂತಿಲ್ಲ. 2016ರಲ್ಲಿ ‘ದಿ ಡಾವೊ’ ಎಂಬ ನಿಧಿಯಿಂದ ಸುಮಾರು 36 ಲಕ್ಷ ಈಥರ್ ಕಳುವಾದಾಗ, ಇಥೀರಿಯಂ ಬಳಕೆದಾರರಲ್ಲಿ ಹೆಚ್ಚಿನವರು ಒಪ್ಪಿ, ಜುಲೈ 20ರಂದು ಆ ಹಣ ಹಿಂದಿರುಗುವಂತೆ ನಿಯಮವನ್ನೇ ತಿದ್ದಿದರು. ಒಪ್ಪದವರು ಕಳುವಿನ ಲೆಕ್ಕವನ್ನು ಇದ್ದಂತೆಯೇ ಉಳಿಸಿಕೊಂಡರು. ಇಥೀರಿಯಂ ಕ್ಲಾಸಿಕ್ ಎಂಬ ಹೆಸರಿನಲ್ಲಿ ಆ ಸರಪಣಿ ಈಗಲೂ ಬೆಳೆಯುತ್ತಿದೆ.