ಕಿಟಕಿಯ ಲೋಟ, ಮೇಜಿನ ಫೋನು

ಅಮೆರಿಕದ ದೊಡ್ಡ ಊರುಗಳಲ್ಲಿ ಬೆಳಗಾಗುವ ಮೊದಲೇ ಕೆಲವು ಕಟ್ಟಡಗಳ ಮುಂದೆ ಜನ ಸಾಲು ನಿಂತಿರುತ್ತಾರೆ. ಕೂಲಿಗೆ ಹೋಗಬೇಕಾದವರು, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡವರು, ಮುದುಕರು. ಒಳಗೆ ದಪ್ಪ ಗಾಜಿನ ಕಿಟಕಿ. ಕಿಟಕಿಯಾಚೆಯಿಂದ ನರ್ಸು ಒಂದು ಪ್ಲಾಸ್ಟಿಕ್ ಲೋಟ ತಳ್ಳುತ್ತಾಳೆ. ಅದರಲ್ಲಿರುವ ಔಷಧಿಯನ್ನು ಅವಳ ಎದುರಲ್ಲೇ ಕುಡಿಯಬೇಕು. ಕುಡಿದ ಮೇಲೆ ಎರಡು ಮಾತಾಡಿ ತೋರಿಸಬೇಕು, ಬಾಯಲ್ಲಿ ಉಳಿಸಿಕೊಂಡಿಲ್ಲ ಅನ್ನೋದಕ್ಕೆ. ನಾಳೆ ಮತ್ತೆ ಬರಬೇಕು. ನಾಳಿದ್ದೂ ಬರಬೇಕು.

ಹೋಟೆಲಿನ ಹೊರಗೆ ಬೇರೆ ಲೋಟ ಇಟ್ಟಿದ್ದನ್ನು ಕಂಡ ನಮಗೆ ಈ ಲೋಟದ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದು ಜಾತಿ, ಇದು ಕಾಯಿಲೆ, ಎರಡೂ ಒಂದೇ ಅಲ್ಲ, ನಿಜ. ಆದರೆ ಮನುಷ್ಯನನ್ನು ನಂಬೋದಿಲ್ಲ ಅಂತ ಹೇಳುವ ಲೋಟದ ಭಾಷೆ ಮಾತ್ರ ಒಂದೇ. 2020ರಲ್ಲಿ ಅದೇ ದೇಶದಲ್ಲಿ ಒಂದು ಫೋನ್ ಕರೆಯ ಮೇಲೆ ಇಂಥದ್ದೇ ಚಿಕಿತ್ಸೆ ಶುರುವಾಗತೊಡಗಿತು. ಪತ್ರಿಕೆಗಳು ಇದನ್ನು ಯಂತ್ರದ ಪವಾಡ ಅಂತ ಬರೆದವು. ನಾವು ಹಾಗೆ ಓದುವುದಿಲ್ಲ. ಆ ಫೋನಿನ ಹಿಂದೆ ನೂರು ವರ್ಷದ ಜಗಳ ಇದೆ.

ಮೊದಲು ಔಷಧಿಯ ವಿಷಯ. ಅಫೀಮು, ಮಾರ್ಫಿನ್, ಹೆರಾಯಿನ್, ಈಗಿನ ಫೆಂಟನಿಲ್, ಇವೆಲ್ಲ ಒಂದೇ ಕುಲ. ಇದಕ್ಕೆ ಒಗ್ಗಿಕೊಂಡ ಮೈಗೆ ಅದು ಸಿಗದಿದ್ದರೆ ವಾಂತಿ, ನಡುಕ, ಎಲುಬು ಮುರಿದಂಥ ನೋವು. ಮೆಥಡೋನ್ ಮತ್ತು ಬುಪ್ರೆನಾರ್ಫಿನ್ ಅದೇ ಕುಲದ ಔಷಧಿಗಳು. ಆದರೆ ನಿಧಾನಕ್ಕೆ, ಇಡೀ ದಿನ ಕೆಲಸ ಮಾಡುತ್ತವೆ. ಸರಿಯಾದ ಪ್ರಮಾಣದಲ್ಲಿ ತಗೊಂಡವನಿಗೆ ಅಮಲೂ ಏರೋದಿಲ್ಲ, ನರಳಾಟವೂ ಇರೋದಿಲ್ಲ. ಅವನು ಕೆಲಸಕ್ಕೆ ಹೋಗಬಹುದು, ಮನೆ ನೋಡಿಕೊಳ್ಳಬಹುದು. ಬುಪ್ರೆನಾರ್ಫಿನ್ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮದ್ದು. ಒಂದು ಮಟ್ಟ ದಾಟಿದ ಮೇಲೆ ಎಷ್ಟೇ ತಗೊಂಡರೂ ಉಸಿರನ್ನು ಇನ್ನಷ್ಟು ಕುಗ್ಗಿಸುವುದು ಕಡಿಮೆ. ಹಾಗಾಗಿ ಅದರಿಂದ ಸಾಯುವ ಅಪಾಯವೂ ಕಡಿಮೆ.

ಇಂಥ ಮದ್ದಿಗೆ ಇಷ್ಟು ಕಾವಲು ಯಾಕೆ? ಉತ್ತರ ವೈದ್ಯಶಾಸ್ತ್ರದಲ್ಲಿ ಇಲ್ಲ, ಚರಿತ್ರೆಯಲ್ಲಿದೆ. 1875ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರ ಅಫೀಮಿನ ಅಡ್ಡೆಗಳನ್ನು ನಿಷೇಧಿಸಿತು. ಅಫೀಮು ಬೆರೆತ ಟಾನಿಕ್ಕುಗಳು ಬಿಳಿಯರ ಮನೆ ಕಪಾಟಿನಲ್ಲಿ ಹಾಯಾಗಿದ್ದವು. ಕಾನೂನಿನ ಕಣ್ಣು ಇದ್ದದ್ದು ರೈಲು ಹಳಿ ಹಾಕಿ ಬೆನ್ನು ಮುರಿದುಕೊಂಡಿದ್ದ ಚೀನೀ ಕೂಲಿಗಳ ಮೇಲೆ. 1914ರಲ್ಲಿ ಹ್ಯಾರಿಸನ್ ಕಾಯಿದೆ ಬಂತು. ಚಟ ಹತ್ತಿದವನಿಗೆ ಅದನ್ನೇ ಮುಂದುವರಿಸಲು ಮದ್ದು ಬರೆದುಕೊಡುವುದು ಚಿಕಿತ್ಸೆಯೇ ಅಲ್ಲ ಅಂತ 1919ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ನಗರಗಳಲ್ಲಿ ನಡೆಯುತ್ತಿದ್ದ ಚಿಕಿತ್ಸಾಲಯಗಳನ್ನು ಒಂದೊಂದಾಗಿ ಮುಚ್ಚಿಸಿದರು. ಲೂಸಿಯಾನದ ಶ್ರೀವ್‌ಪೋರ್ಟಿನಲ್ಲಿ ಡಾಕ್ಟರ್ ವಿಲ್ಲಿಸ್ ಬಟ್ಲರ್ ನಡೆಸುತ್ತಿದ್ದದ್ದೂ 1923ರಲ್ಲಿ ಮುಚ್ಚಿತು. 1935ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ಸರ್ಕಾರ ಒಂದು ಆಸ್ಪತ್ರೆ ತೆರೆಯಿತು. ಅದು ಅರ್ಧ ಆಸ್ಪತ್ರೆ, ಅರ್ಧ ಜೈಲು. ಅಲ್ಲಿಂದ ಮುಂದೆ ಡಾಕ್ಟರು ಮತ್ತು ಪೊಲೀಸು ಒಂದೇ ಕುರ್ಚಿಯಲ್ಲಿ ಕೂತರು.

1960ರ ದಶಕದಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಈ ಹಟವನ್ನು ಮುರಿದರು. 1965ರಲ್ಲಿ 22 ಜನ ರೋಗಿಗಳ ವರದಿ ಪ್ರಕಟಿಸಿದರು. ಮೆಥಡೋನ್ ತಗೊಳ್ಳುತ್ತಾ ಹೆರಾಯಿನ್ ಬಿಟ್ಟವರು ಕೆಲಸಕ್ಕೆ, ಓದಿಗೆ, ಸಂಸಾರಕ್ಕೆ ಮರಳುತ್ತಿದ್ದರು. ಇದು ಕಾಯಿಲೆ, ನೀತಿಗೇಡಿತನ ಅಲ್ಲ ಅಂತ ಅವರು ಸಾರಿದರು. ಸರ್ಕಾರ ಔಷಧಿಯನ್ನು ಒಪ್ಪಿತು, ಮಾತನ್ನು ಒಪ್ಪಲಿಲ್ಲ. 1972ರ ನಿಯಮ, 1974ರ ಕಾಯಿದೆ ಮೆಥಡೋನನ್ನು ವಿಶೇಷ ಕೇಂದ್ರಗಳೊಳಗೆ ಕಟ್ಟಿಹಾಕಿದವು. ಮೊದಲಿಗೆ ಹೇಳಿದ ಗಾಜಿನ ಕಿಟಕಿ ಗಟ್ಟಿಯಾದದ್ದು ಇಲ್ಲಿ. ಈ ಕೇಂದ್ರಗಳು ಹೆಚ್ಚಾಗಿ ಎದ್ದದ್ದು ಕರಿಯರು, ಪೋರ್ಟೊ ರಿಕೊದವರು ಇರುವ ಬಡ ಕೇರಿಗಳಲ್ಲಿ.

ಆ ಕೇರಿಗಳು ಸುಮ್ಮನಿರಲಿಲ್ಲ. ದಕ್ಷಿಣ ಬ್ರಾಂಕ್ಸಿನ ಲಿಂಕನ್ ಆಸ್ಪತ್ರೆ ಹಾಳು ಸುರಿಯುತ್ತಿತ್ತು. 1970ರ ಜುಲೈಯಲ್ಲಿ ಯಂಗ್ ಲಾರ್ಡ್ಸ್ ಎಂಬ ಪೋರ್ಟೊ ರಿಕೊ ಯುವಕರ ಸಂಘಟನೆ ಅದಕ್ಕೆ ನುಗ್ಗಿ ಹಿಡಿದುಕೊಂಡಿತು. ಅದೇ ನವೆಂಬರಿನಲ್ಲಿ ಬ್ಲ್ಯಾಕ್ ಪ್ಯಾಂಥರರೂ ಆಸ್ಪತ್ರೆ ಕೆಲಸಗಾರರೂ ಜೊತೆಗೂಡಿ ಅಲ್ಲಿ ವ್ಯಸನ ಬಿಡಿಸುವ ಕೇಂದ್ರ ತೆರೆದರು. ಎರಡು ವರ್ಷದ ನಂತರ, 1972ರಲ್ಲಿ, ಮುಂಬಯಿಯ ನಮ್ಮ ಗೆಳೆಯರು ದಲಿತ ಪ್ಯಾಂಥರ್ ಕಟ್ಟಿದಾಗ ಹೆಸರು ಎತ್ತಿಕೊಂಡದ್ದು ಇದೇ ಪ್ಯಾಂಥರರಿಂದ. ಹಾಗಾಗಿ ಇದು ನಮಗೆ ದೂರದ ಕಥೆಯಲ್ಲ.

ಇಲ್ಲಿ ಒಂದು ಕಷ್ಟದ ಮಾತನ್ನು ಮುಚ್ಚಿಡಬಾರದು. ಲಿಂಕನ್ ಕೇಂದ್ರದವರು ಕೆಲವು ದಿನ ಮೆಥಡೋನ್ ಕೊಟ್ಟು ಇಳಿಸುತ್ತಿದ್ದರು. ಆಮೇಲೆ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ, ರಾಜಕೀಯ ಪಾಠ. ವರ್ಷಗಟ್ಟಲೆ ಮೆಥಡೋನ್ ಕೊಡುವುದನ್ನು ಅವರು ಇನ್ನೊಂದು ಸರಪಳಿ ಅಂತ ಕಂಡರು. ಕಿಟಕಿ, ಸಾಲು, ಮೂತ್ರ ಪರೀಕ್ಷೆ ಕಂಡವರಿಗೆ ಹಾಗನ್ನಿಸಿದ್ದು ತಪ್ಪಲ್ಲ. ಆದರೆ ಸರಪಳಿ ಇದ್ದದ್ದು ಔಷಧಿಯಲ್ಲಿ ಅಲ್ಲ, ಅದನ್ನು ಕೊಡುವ ರೀತಿಯಲ್ಲಿ. ಔಷಧಿಯನ್ನು ಪೂರ್ತಿ ಬಿಡಿಸಿದ ಮೇಲೆ ಮತ್ತೆ ಹೆರಾಯಿನ್ನಿಗೆ ಮರಳಿದವನ ಮೈ ಮೊದಲಿನ ಪ್ರಮಾಣ ತಡೆಯೋದಿಲ್ಲ, ಅವನು ಸಾಯುತ್ತಾನೆ. ಸಿಟ್ಟು ನ್ಯಾಯವಾಗಿದ್ದರೂ ಗುರಿ ತಪ್ಪಬಹುದು ಅನ್ನುವುದನ್ನು ನಾವೂ ಕಲಿಯಬೇಕು. ಸರ್ಕಾರಕ್ಕೆ ಈ ಚರ್ಚೆ ಬೇಕಿರಲಿಲ್ಲ. 1978ರಲ್ಲಿ ಪೊಲೀಸರನ್ನು ನಿಲ್ಲಿಸಿ ಆ ತಂಡವನ್ನು ಹೊರಗೆ ಹಾಕಿತು.

ಆಮೇಲೆ ಏಡ್ಸ್ ಬಂತು. ಒಂದೇ ಸೂಜಿ ಹಂಚಿಕೊಂಡವರು ಸಾಲುಸಾಲಾಗಿ ಸತ್ತರು. 1984ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಮದ್ದು ಬಳಸುವವರೇ ಸಂಘ ಕಟ್ಟಿಕೊಂಡು ಹೊಸ ಸೂಜಿ ಹಂಚುವಂತೆ ಮಾಡಿದರು. 1988ರಲ್ಲಿ ಅಮೆರಿಕದ ಟಕೋಮಾ ಊರಿನಲ್ಲಿ ಡೇವ್ ಪರ್ಚೇಸ್ ಎಂಬಾತ ಫುಟ್‌ಪಾತಿನ ಮೇಲೆ ಮಡಚುವ ಮೇಜು ಹಾಕಿ ಕೂತ. ಹಳೆ ಸೂಜಿ ಕೊಡಿ, ಹೊಸದು ತಗೊಳ್ಳಿ, ಅಷ್ಟೇ. ಹೆಸರು ಕೇಳಲಿಲ್ಲ, ಉಪದೇಶ ಮಾಡಲಿಲ್ಲ. ಅದೇ ವರ್ಷ ಅಮೆರಿಕದ ಸಂಸತ್ತು ಈ ಕೆಲಸಕ್ಕೆ ಒಕ್ಕೂಟದ ಹಣ ಸಿಗದ ಹಾಗೆ ಮಾಡಿತು. ಬಿಡಲಾಗದಿದ್ದರೆ ಬದುಕಿಯಾದರೂ ಇರು, ನಾಳೆ ಮಾತಾಡೋಣ: ಹಾನಿ ತಗ್ಗಿಸುವ ಕೆಲಸ ಅಂದರೆ ಇಷ್ಟೇ. ಗಾಜಿನ ಕಿಟಕಿಗೆ ಎದುರಾಗಿ ಈ ಮಡಚುವ ಮೇಜನ್ನು ನೆನಪಿಟ್ಟುಕೊಳ್ಳಿ.

ಇಷ್ಟರಲ್ಲಿ ಚಟದ ಮುಖ ಬಿಳಿಯಾಯಿತು. 1996ರಲ್ಲಿ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆ ಮಾರುಕಟ್ಟೆಗೆ ಬಿಟ್ಟಿತು. ಚಟ ಹತ್ತೋದು ಕಡಿಮೆ ಅಂತ ಸುಳ್ಳು ಹೇಳಿ ಮಾರಿದ್ದಕ್ಕೆ ಅದರ ಅಂಗಸಂಸ್ಥೆ 2007ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಬಿಳಿಯರ ಮಕ್ಕಳು ಸಾಯತೊಡಗಿದಾಗ ಸರ್ಕಾರದ ದನಿ ಮೆತ್ತಗಾಯಿತು. ಕರಿಯರ ಕೇರಿಯ ಕ್ರ್ಯಾಕ್ ಕೊಕೇನಿಗೆ 1986ರಲ್ಲಿ ಪುಡಿ ಕೊಕೇನಿಗಿಂತ 100 ಪಟ್ಟು ಬಿಗಿಯಾದ ಶಿಕ್ಷೆ ಬರೆದಿದ್ದ ಸಂಸತ್ತೇ 2000ದಲ್ಲಿ ಹೊಸ ಕಾಯಿದೆ ಮಾಡಿತು. 2002ರಿಂದ ಬುಪ್ರೆನಾರ್ಫಿನನ್ನು ಖಾಸಗಿ ಡಾಕ್ಟರು ಬರೆದುಕೊಡಬಹುದು, ಮನೆಗೆ ಒಯ್ಯಬಹುದು. 2012ರಿಂದ 2015ರವರೆಗಿನ ಡಾಕ್ಟರ ಭೇಟಿಗಳನ್ನು ಲೆಕ್ಕ ಹಾಕಿದಾಗ, ಈ ಮದ್ದು ಸಿಕ್ಕ ಭೇಟಿಗಳಲ್ಲಿ ಬಿಳಿಯರದ್ದು 35 ಆದರೆ ಉಳಿದವರದ್ದೆಲ್ಲ ಸೇರಿ ಒಂದು. ಒಬ್ಬರಿಗೆ ಜೇಬಿನಲ್ಲಿ ಚೀಟಿ, ಇನ್ನೊಬ್ಬರಿಗೆ ಕಿಟಕಿಯಲ್ಲಿ ಲೋಟ.

ಇನ್ನು ಫೋನಿಗೆ ಬರೋಣ. 2008ರ ಕಾಯಿದೆಯ ಪ್ರಕಾರ ಇಂಥ ಮದ್ದನ್ನು ದೂರದಿಂದ ಬರೆಯುವ ಮೊದಲು ಡಾಕ್ಟರು ರೋಗಿಯನ್ನು ಒಮ್ಮೆ ಎದುರಲ್ಲೇ ನೋಡಿರಬೇಕಿತ್ತು. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಸರ್ಕಾರ ಅದನ್ನು ಸಡಿಲ ಮಾಡಿತು. ಬರೀ ಮಾತಿನ ಕರೆಯ ಮೇಲೂ ಬುಪ್ರೆನಾರ್ಫಿನ್ ಶುರು ಮಾಡಬಹುದು. ಮೆಥಡೋನ್ ಕೂಡ, ಸ್ಥಿರವಾಗಿರುವವರಿಗೆ 28 ದಿನದ್ದು, ಉಳಿದ ಹಲವರಿಗೆ 14 ದಿನದ್ದು ಮನೆಗೆ ಕೊಡಬಹುದು. ಐವತ್ತು ವರ್ಷ ಆಗೋದಿಲ್ಲ ಅಂದದ್ದು ಎರಡು ವಾರದಲ್ಲಿ ಆಯಿತು! ರೋಡ್ ಐಲ್ಯಾಂಡಿನಲ್ಲಿ ಏಪ್ರಿಲಿನಲ್ಲೇ ಹಗಲು ರಾತ್ರಿ ಉತ್ತರಿಸುವ ಫೋನ್ ಸಂಖ್ಯೆ ತೆರೆದರು. ಕರೆ ಮಾಡಿದವರ ಹತ್ತಿರ ಡಾಕ್ಟರು ಮಾತಾಡಿ, ಹತ್ತಿರದ ಔಷಧಿ ಅಂಗಡಿಗೆ ಚೀಟಿ ಕಳಿಸುತ್ತಿದ್ದರು.

ಆದರೆ ಬೀದಿಯಲ್ಲಿ ಮಲಗುವವನ ಹತ್ತಿರ ಫೋನ್ ಎಲ್ಲಿಂದ ಬರಬೇಕು? ಇದ್ದರೂ ಚಾರ್ಜು ಎಲ್ಲಿ? ಬೈಸಿಕೊಂಡೇ ಬೆಳೆದವನು ಗುರುತಿಲ್ಲದ ಡಾಕ್ಟರಿಗೆ ತನ್ನ ಗುಟ್ಟು ಯಾಕೆ ಹೇಳ್ತಾನೆ? ಇಲ್ಲಿಯೇ ಆ ಮಡಚುವ ಮೇಜು ಕೆಲಸಕ್ಕೆ ಬಂತು. ಸೂಜಿ ಬದಲಾಯಿಸುವ ಕೇಂದ್ರಗಳಲ್ಲಿ ಕೆಲಸಗಾರರು ತಮ್ಮ ಫೋನು, ಟ್ಯಾಬ್ಲೆಟ್ಟು ಕೊಟ್ಟರು, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಕೊಟ್ಟರು, ಬೇಕಾದರೆ ಪಕ್ಕದಲ್ಲಿ ಕೂತರು. ಅವರಲ್ಲಿ ಎಷ್ಟೋ ಜನ ಒಂದು ಕಾಲಕ್ಕೆ ತಾವೂ ಅದೇ ನರಳಾಟ ತಿಂದವರು. ಹೆರಾಯಿನ್ ಮೈಯಲ್ಲಿರುವಾಗಲೇ ಬುಪ್ರೆನಾರ್ಫಿನ್ ತಗೊಂಡರೆ ನರಳಾಟ ಒಮ್ಮೆಲೆ ಏರುತ್ತದೆ, ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ನೀರು ಕೊಡುವವನು, ಧೈರ್ಯ ಹೇಳುವವನು ಪರದೆಯ ಮೇಲಿನ ಡಾಕ್ಟರಲ್ಲ, ಪಕ್ಕದಲ್ಲಿ ಕೂತವನು. ಮೇರಿಲ್ಯಾಂಡಿನ ಹಳ್ಳಿಗಾಡಿನಲ್ಲಿ ಕೊರೋನಾಕ್ಕೆ ಮೊದಲೇ ಒಂದು ವ್ಯಾನನ್ನು ಚಿಕಿತ್ಸಾಲಯ ಮಾಡಿ, ದೂರದ ಡಾಕ್ಟರನ್ನು ವಿಡಿಯೋದಲ್ಲಿ ಕರೆಸುತ್ತಿದ್ದರು. ವ್ಯಾನಿನೊಳಗೆ ನರ್ಸೂ, ಚಟದಿಂದ ಹೊರಬಂದ ಸಂಗಾತಿಯೂ ಇರುತ್ತಿದ್ದರು.

ಆಮೇಲೆ ಏನಾಯಿತು? ಮದ್ದು ಮನೆಗೆ ಕೊಟ್ಟರೆ ಹೆಣ ಬೀಳುತ್ತವೆ ಅಂದಿದ್ದರು. ಅತಿಸೇವನೆಯ ಸಾವುಗಳಲ್ಲಿ ಮೆಥಡೋನ್ ಪಾಲು 2019ರಲ್ಲಿ ನೂರಕ್ಕೆ 4.5 ಇದ್ದದ್ದು 2021ರಲ್ಲಿ 3.2ಕ್ಕೆ ಇಳಿಯಿತು. ಸರ್ಕಾರಿ ವಿಮೆಯ ರೋಗಿಗಳ ಅಧ್ಯಯನದಲ್ಲಿ ದೂರ ಚಿಕಿತ್ಸೆ ಸಿಕ್ಕವರು ಹೆಚ್ಚು ಕಾಲ ಮದ್ದಿನಲ್ಲಿ ಉಳಿದರು, ಕಡಿಮೆ ಸತ್ತರು. 2022ರ ಡಿಸೆಂಬರಿನ ಕಾಯಿದೆ ಬುಪ್ರೆನಾರ್ಫಿನ್ ಬರೆಯಲು ಬೇಕಿದ್ದ ವಿಶೇಷ ಪರವಾನಗಿಯನ್ನು ತೆಗೆಯಿತು. 2024ರ ನಿಯಮ ಮೆಥಡೋನನ್ನೂ ವಿಡಿಯೋ ಭೇಟಿಯ ಮೇಲೆ ಶುರು ಮಾಡಲು ಬಿಟ್ಟಿತು. ಆದರೂ ಮೆಥಡೋನ್ ಸಿಗುವುದು ಅದೇ ಕೇಂದ್ರದ ಕಿಟಕಿಯಲ್ಲಿ. ಅದೇ ಅಧ್ಯಯನದಲ್ಲಿ ಕರಿಯರಿಗೆ ದೂರ ಚಿಕಿತ್ಸೆ ಸಿಕ್ಕದ್ದೂ ಕಡಿಮೆ. 2020ರಲ್ಲಿ ಅವರ ಅತಿಸೇವನೆಯ ಸಾವಿನ ದರ ಬಿಳಿಯರದ್ದನ್ನು ದಾಟಿತ್ತು. ತಂತಿ ಹೋದ ಕಡೆಯೆಲ್ಲ ನ್ಯಾಯ ಹೋಗುವುದಿಲ್ಲ.

ನಮ್ಮ ದೇಶದ ಮಾತು? 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಈ ಕುಲದ ಮದ್ದಿಗೆ ಸಿಕ್ಕಿ ಸಹಾಯ ಬೇಕಾದವರು ಸುಮಾರು 77 ಲಕ್ಷ. ಬೆಂಗಳೂರಿನ ನಿಮ್ಹಾನ್ಸ್ ದೂರದ ವೈದ್ಯರಿಗೆ ವಿಡಿಯೋ ಮೂಲಕ ವ್ಯಸನ ಚಿಕಿತ್ಸೆ ಕಲಿಸುತ್ತಿದೆ. ಆದರೆ ಅಮೆರಿಕ ಬಾಗಿಲು ತೆರೆದ ಅದೇ 2020ರ ಮಾರ್ಚಿನಲ್ಲಿ ನಮ್ಮ ಟೆಲಿಮೆಡಿಸಿನ್ ಮಾರ್ಗಸೂಚಿ 1985ರ ಮಾದಕ ವಸ್ತು ಕಾಯಿದೆಯ ಪಟ್ಟಿಯ ಮದ್ದುಗಳನ್ನು ದೂರದಿಂದ ಬರೆಯಕೂಡದು ಅಂದಿತು. ಬುಪ್ರೆನಾರ್ಫಿನ್ ಆ ಪಟ್ಟಿಯದ್ದು. ಡಾಕ್ಟರಿಗೆ ಪಾಠ ಪರದೆಯ ಮೇಲೆ ಬರಬಹುದು, ರೋಗಿಗೆ ಮದ್ದು ಬರುವ ಹಾಗಿಲ್ಲ.

ನಾವು ಕೇಳಬೇಕಾದ್ದು ಬರೀ ಫೋನನ್ನಲ್ಲ. ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಮ್ಮ ಕೇರಿಯಲ್ಲಿ ಕುಡಿದೋ ಚುಚ್ಚಿಕೊಂಡೋ ಬಿದ್ದವನನ್ನು ನಾವೇ ಎಷ್ಟು ಸಲ ಬೈದು ದಾಟಿ ಹೋಗಿದ್ದೇವೆ? ಅವನ ಪಕ್ಕ ಒಂದು ಮೇಜು ಹಾಕಿ ಕೂರುವವರು ಮೊದಲು ಬೇಕು. ಆ ಮೇಜಿನ ಮೇಲೆ ಫೋನು ಬಂದರೆ ಅದು ಚಿಕಿತ್ಸೆ. ಮೇಜೇ ಇಲ್ಲದೆ ಬಂದರೆ ಅದೂ ಒಂದು ಗಾಜಿನ ಕಿಟಕಿ.